ಎಳೆ ರಂಗೋಲಿ ಸ್ಕ್ಯಾನ್ ಮಾಡಿ ಲೇಸರ್‌ಗೆ ಕೊಟ್ರೆ ಒಂದೊಂದು ಗೆರೆನೂ ಎರಡು ಸಲ ಕಟ್ ಆಗ್ತಿದೆ, ಯಾರಾದ್ರೂ ದಾರಿ ಹೇಳಿ

ಎಳೆಎಳೆ_ಹಾಸನ

ಎಲ್ರಿಗೂ ನಮಸ್ಕಾರ. ನಮ್ಮತ್ತೆ ಹತ್ರ ಒಂದು ಹಳೇ ರೂಲ್ಡ್ ನೋಟ್‌ಬುಕ್ ಇದೆ, ಪೂರ್ತಿ ಎಳೆ ರಂಗೋಲಿನೇ (ಚುಕ್ಕಿಗಳ ಸುತ್ತ ಎಳೆ ಬಳಸಿ ಬರೆಯೋದು), ನೇರ ಚುಕ್ಕಿದೂ ಇದಾವೆ ಸಂದು ಚುಕ್ಕಿದೂ (ಎರಡು ಚುಕ್ಕಿ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಇಡೋದು) ಇದಾವೆ, ಎಲ್ಲ ಕಪ್ಪು ಇಲ್ಲಾ ನೀಲಿ ಬಾಲ್‌ಪೆನ್ನಲ್ಲಿ ಬರೆದಿರೋದು. ಅದರಲ್ಲಿ ಕೆಲವನ್ನ ಆರಿಸಿ 3 ಎಂಎಂ ಎಂಡಿಎಫ್ ಹಲಗೇಲಿ (ಮರದ ನಾರು ಒತ್ತಿ ಮಾಡಿದ್ದು) ರಂಗೋಲಿ ಪ್ಲೇಟ್ ಮಾಡಿಸ್ಬೇಕು ಅಂತ ಆಸೆ, ಮೇಲೆ ಪುಡಿ ಹಾಕಿ ಸವರಿದ್ರೆ ಕೆಳಗೆ ರಂಗೋಲಿ ಬೀಳೋ ತರ, ದೀಪಾವಳಿಗೆ ಸ್ಟಾಲ್ ಹಾಕೋ ಪ್ಲಾನ್ ಇದೆ. ಫೋನಲ್ಲಿ ಫೋಟೋ ತೆಗೆದು, ನಮ್ಮನೆ ಹಳೇ ಕಂಪ್ಯೂಟರಲ್ಲಿರೋ ಇಂಕ್‌ಸ್ಕೇಪ್ 0.91 ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರಲ್ಲಿ ಟ್ರೇಸ್ ಬಿಟ್‌ಮ್ಯಾಪ್ ಕೊಟ್ಟು (ಫೋಟೋನ ಗೆರೆಗಳಾಗಿ ಮಾಡೋದು), ಎಸ್‌ವಿಜಿ ಫೈಲ್ ಮಾಡಿ ಕಟಿಂಗ್ ಅಂಗಡಿಗೆ ಕಳಿಸಿದ್ದೆ. ಬಂದಿದ್ದು ನೋಡಿ: ಒಂದೊಂದು ಗೆರೆ ಪಕ್ಕ ಪಕ್ಕ ಎರಡು ಸಲ ಕಟ್ ಆಗಿದೆ ನಡುವೆ ಕೂದಲಿನಷ್ಟು ಮರ, ಚುಕ್ಕಿ ಸುತ್ತ ಇರೋ ಭಾಗ ಎಲ್ಲ ಕಳಚಿ ಕವರ್ ತುಂಬ ಚೂರು, ಮೇಲೆ 300 ಎಂಎಂ ಇರ್ಬೇಕಾದ್ದು 281 ಬಂದಿದೆ. ಅಂಗಡಿಯವರು ಫೈಲ್ ಹಿಂಗೇ ಇತ್ತು ಅಂತಾರೆ. ಎಲ್ಲಿಂದ ಶುರು ಮಾಡ್ಲಿ?

ಡಿಟಿಪಿ_ದಾವಣಗೆರೆ

ಮೇಡಂ, ಎರಡು ಗೆರೆ ಬರೋದು ಸಹಜ. ಇಂಕ್‌ಸ್ಕೇಪ್ ಒಳಗೆ ಕೆಲಸ ಮಾಡೋದು ಪೋಟ್ರೇಸ್ ಅನ್ನೋ ಪ್ರೋಗ್ರಾಂ, ಅದಕ್ಕೆ ಗೆರೆ ಅನ್ನೋದೇ ಗೊತ್ತಿಲ್ಲ, ಕಪ್ಪು ಜಾಗ ಬಿಳಿ ಜಾಗ ಅಷ್ಟೇ ಗೊತ್ತು. ನಿಮ್ಮ ಪೆನ್ನಿನ ಗೆರೆ ಅದರ ಕಣ್ಣಿಗೆ ಅರ್ಧ ಎಂಎಂ ಅಗಲದ ಉದ್ದನೇ ಕಪ್ಪು ಪಟ್ಟಿ, ಪಟ್ಟಿಗೆ ಎರಡು ಅಂಚು, ಎರಡೂ ಅಂಚಿಗೆ ಪಾತ್ (ಮಷೀನ್ ಹೋಗೋ ದಾರಿಯ ಗೆರೆ) ಹಾಕತ್ತೆ. ಸ್ಕ್ರೀನಲ್ಲಿ ಫಿಲ್ ತುಂಬಿರೋದ್ರಿಂದ ಒಂದೇ ಗೆರೆ ತರ ಕಾಣತ್ತೆ, ಔಟ್‌ಲೈನ್ ಮೋಡ್‌ಗೆ ಹೋಗಿ (ಕಂಟ್ರೋಲ್ 5 ಒತ್ತುತ್ತಾ ಹೋಗಿ) ಆಗ ಬಂಡವಾಳ ಗೊತ್ತಾಗತ್ತೆ. ನಾವು ಕೋರೆಲ್ ಡ್ರಾ ಬಳಸೋರು ವೈರ್‌ಫ್ರೇಮ್ (ಅಂಚಿನ ಗೆರೆ ಮಾತ್ರ ತೋರಿಸೋ ನೋಟ) ನೋಡದೇ ಯಾವ ಫೈಲೂ ಮಷೀನ್‌ಗೆ ಬಿಡಲ್ಲ. ಕೋರೆಲ್‌ನಲ್ಲಿ ಪವರ್‌ಟ್ರೇಸ್ ಒಳಗೆ ಸೆಂಟರ್‌ಲೈನ್ ಟ್ರೇಸ್ (ಪಟ್ಟಿ ನಡುವೆ ಒಂದೇ ಗೆರೆ ಹಾಕೋದು) ಅಂತಿದೆ, ಇಂಕ್‌ಸ್ಕೇಪಲ್ಲೂ 1.0 ಇಂದ ಸೆಂಟರ್‌ಲೈನ್ ಬಂದಿದೆ, 0.91 ಇಟ್ಕೊಂಡು ಒದ್ದಾಡ್ಬೇಡಿ, ಹೊಸದು ಫ್ರೀನೇ.

ಸೈಜ್ ವಿಷ್ಯ ಸುಲಭ. 281ನ 300ರಿಂದ ಭಾಗಿಸಿ ನೋಡಿ, 0.9375 ಹತ್ರ ಬರತ್ತೆ, ಅಂದ್ರೆ 90/96. ಹಳೇ ಇಂಕ್‌ಸ್ಕೇಪ್ ಇಂಚಿಗೆ 90 ಪಿಕ್ಸೆಲ್ ಲೆಕ್ಕ ಹಿಡೀತಿತ್ತು, 2017ರಲ್ಲಿ 0.92 ಬಂದಾಗ 96 ಮಾಡಿದ್ರು. ನಿಮ್ಮ ಫೈಲು 90ರದ್ದು, ಅಂಗಡಿ ಸಾಫ್ಟ್‌ವೇರ್ 96 ಅಂತ ಓದಿದೆ. ಇನ್ಮೇಲೆ ಫೈಲಿನ ಮೂಲೇಲಿ ಬೇರೆ ಬಣ್ಣದಲ್ಲಿ 100 ಎಂಎಂ ಚೌಕ ಒಂದು ಇಟ್ಟು ಕಳಿಸಿ, "ಇದು 100 ಇದೆಯಾ ನೋಡಿ, ಆಮೇಲೆ ಅಳಿಸಿ ಕಟ್ ಮಾಡಿ" ಅಂತ ಹೇಳಿ. ನಾನು ಯಾರಿಗೆ ಕಳಿಸಿದ್ರೂ ಹಂಗೇ ಮಾಡೋದು.

ಲೇಸರ್_ಹುಬ್ಬಳ್ಳಿ

ಅಕ್ಕಾರ, ನಾ ಮಷೀನ್ ನಡಸಾಂವ, ಇಂಥಾ ಫೈಲ್ ದಿನಾ ಬರ್ತಾವ್ರಿ ನಮಗ. ನಿಮ್ಮ ಅಂಗಡ್ಯಾಂವ ಒಂದ್ಸಲ ಔಟ್‌ಲೈನ್ ನೋಡಿ ನಿಮಗ ಫೋನ್ ಹಚ್ಚಬೇಕಿತ್ತು, ಅದು ಬ್ಯಾರೆ ಮಾತು. ನನ್ನ ಕಡೆ ಫೈಲ್ ಬಂದ್ರ ನಾ ನೋಡೂದು ಹಿಂಗ: ಮೊದ್ಲ ಒಂದರ ಮ್ಯಾಲೆ ಒಂದು ಕುಂತ ಗೆರಿ ಅದಾವೋ ಏನ್, ಇದ್ರ ಅದ ಜಾಗಾ ಎರಡ ಸಲ ಸುಟ್ಟು ಅಂಚು ಕರ್ರಗ ಆಗತೈತಿ. ಆಮ್ಯಾಲೆ ತೆರದ ಪಾತ್ ಅದಾವೋ ಅಂತ. ಕಣ್ಣಿಗಿ ಕೂಡ್ಯಾವ ಅನಸ್ತಾವ ಖರೇ, ಝೂಮ್ ಮಾಡಿದ್ರ ಅರ್ಧ ಎಂಎಂ ಗ್ಯಾಪ್ ಇರತೈತಿ, ಅಲ್ಲಿ ತುಣುಕು ಬೀಳಂಗಿಲ್ಲ, ಕೈಲೆ ಒತ್ತಿದ್ರ ಮುರೀತೈತಿ. ಲೈಟ್‌ಬರ್ನ್‌ದಾಗ (ಲೇಸರ್ ನಡಸೂ ಸಾಫ್ಟ್‌ವೇರ್) ಡಿಲೀಟ್ ಡುಪ್ಲಿಕೇಟ್ಸ್, ಆಟೋ ಜಾಯಿನ್ ಅದಾವ, ಆರ್‌ಡಿವರ್ಕ್ಸ್‌ದಾಗೂ ಓವರ್‌ಲ್ಯಾಪ್ ತೆಗಿಯೂದು, ಲೈನ್ ಕೂಡ್ಸೂದು ಅದಾವ.

ನೋಡ್ (ಗೆರಿ ಮ್ಯಾಲಿನ ಬಿಂದು) ಲೆಕ್ಕಾನೂ ನೋಡ್ರಿ. ಫೋನ್ ಫೋಟೋ ಟ್ರೇಸ್ ಮಾಡಿದ್ರ ಒಂದ ಬಳಕಿಗೆ ನೂರಾರು ನೋಡ್ ಬರ್ತಾವ, ಮಷೀನ್ ಹೆಡ್ ಗಡಗಡ ಅಂತ ನಡಗತೈತಿ, ಅಂಚಿಗಿ ಗರಗಸದ ಹಲ್ಲು ಬಂದಂಗ ಕಾಣತೈತಿ. ಆವಾಗ ಎಲ್ಲಾರೂ ಮಷೀನಿಗೆ ಬೈತಾರ 😀

ಎಳೆಎಳೆ_ಹಾಸನ

ತುಂಬ ಥ್ಯಾಂಕ್ಸ್ ಇಬ್ರಿಗೂ. ಹೊಸ ಇಂಕ್‌ಸ್ಕೇಪ್ ಹಾಕೊಂಡು ಸೆಂಟರ್‌ಲೈನ್ ಕೊಟ್ಟೆ, ಈಗ ಗೆರೆ ಒಂದೇ ಬರ್ತಿದೆ ಆದ್ರೆ ಎರಡು ಎಳೆ ಅಡ್ಡ ಹಾಯೋ ಕಡೆಯೆಲ್ಲ ಸೊಟ್ಟ ಆಗ್ತಿದೆ, ಗಂಟು ಹಾಕಿದ ತರ. ನೇರ ಹೋಗ್ಬೇಕಾದ ಎಳೆ ಅಲ್ಲಿ ಒಂಚೂರು ಪಕ್ಕಕ್ಕೆ ಸರಿದು ಮತ್ತೆ ದಾರಿಗೆ ಬರತ್ತೆ. ಮತ್ತೆ ನೋಟ್‌ಬುಕ್ಕಿನ ರೂಲ್ ಗೆರೆಗಳೂ ಟ್ರೇಸ್ ಆಗ್ಬಿಟ್ಟಿವೆ.

ಸ್ಕ್ಯಾನ್‌ಮಾಮ

ರೂಲ್ ಗೆರೆಗೆ ನಾನು ಹೇಳ್ತೀನಿ. ಮೊದ್ಲು ಫೋನ್ ಬಿಡಿ, ಫೋನ್ ಫೋಟೋದಲ್ಲಿ ಮೂಲೆಗಳು ಹಿಗ್ಗಿರ್ತವೆ, ಚುಕ್ಕಿ ಸಾಲು ಬಾಗತ್ತೆ. ಫ್ಲಾಟ್‌ಬೆಡ್ ಸ್ಕ್ಯಾನರ್ ಇರೋ ಜೆರಾಕ್ಸ್ ಅಂಗಡೀಲಿ 600 ಡಿಪಿಐ, ಕಲರ್, ಪಿಎನ್‌ಜಿ ಇಲ್ಲಾ ಟಿಫ್ ಕೇಳಿ. ಜೆಪೆಗ್ ಬೇಡ, ಗೆರೆ ಅಂಚಲ್ಲಿ ಕೊಳೆ ಮಾಡತ್ತೆ. 600 ಯಾಕೆ ಅಂದ್ರೆ ಅರ್ಧ ಎಂಎಂ ಗೆರೆ 600ರಲ್ಲಿ ಸುಮಾರು 12 ಪಿಕ್ಸೆಲ್ ಅಗಲ ಇರತ್ತೆ, 200ರಲ್ಲಿ ನಾಲ್ಕೇ ಪಿಕ್ಸೆಲ್. 4 ಪಿಕ್ಸೆಲ್ ಗೆರೇಲಿ 1 ಪಿಕ್ಸೆಲ್ ಆಚೀಚೆ ಆದ್ರೆ ಕಾಲು ಭಾಗ ಹೋಯ್ತು. ಹಾಳೆ ತೆಳು ಇದ್ರೆ ಹಿಂದೆ ಕಪ್ಪು ಕಾಗದ ಇಡಿ, ಹಿಂಭಾಗದ ಬರಹ ಮೇಲೆ ಕಾಣಲ್ಲ.

ಆಮೇಲೆ ಜಿಂಪ್ ಅನ್ನೋ ಫೋಟೋ ತಿದ್ದೋ ಸಾಫ್ಟ್‌ವೇರಲ್ಲಿ ಕಲರ್ಸ್ ಮೆನು, ಕಾಂಪೊನೆಂಟ್ಸ್, ಎಕ್ಸ್‌ಟ್ರಾಕ್ಟ್ ಕಾಂಪೊನೆಂಟ್‌ಗೆ ಹೋಗಿ. ಕಪ್ಪು ಪೆನ್ನಿನ ರಂಗೋಲಿ ಆದ್ರೆ ಬ್ಲೂ ಚಾನೆಲ್ ತಗೊಳಿ. ತಿಳಿ ನೀಲಿ ರೂಲ್ ಗೆರೆ ಆ ಚಾನೆಲ್‌ನಲ್ಲಿ ಬಿಳಿ ಹಾಳೆ ಜೊತೆ ಸೇರಿ ಹೋಗತ್ತೆ, ಕಪ್ಪು ಕಪ್ಪಾಗೇ ಇರತ್ತೆ. ನೀಲಿ ಪೆನ್ ಆಗಿದ್ರೆ ಈ ಉಪಾಯ ತಿರುಗಿ ಬೀಳತ್ತೆ, ಪೆನ್ನೂ ಮಾಸಿ ಹೋಗತ್ತೆ, ಅದಕ್ಕೆ ರೆಡ್ ಚಾನೆಲ್ ತಗೊಳಿ. ಅದ್ರಲ್ಲಿ ಪೆನ್ ಗಾಢ, ರೂಲು ಬೂದಿ ಬಣ್ಣ, ಥ್ರೆಶೋಲ್ಡ್ (ಎಷ್ಟು ಗಾಢ ಇದ್ರೆ ಕಪ್ಪು ಅನ್ನೋ ಗಡಿ) ಎಳೆದು ಎರಡನ್ನೂ ಬೇರೆ ಮಾಡ್ಬಹುದು. ಥ್ರೆಶೋಲ್ಡ್‌ಗೆ ಮುಂಚೆ 2 ಪಿಕ್ಸೆಲ್ ಗಾಸಿಯನ್ ಬ್ಲರ್ ಕೊಡಿ, ಬಾಲ್‌ಪೆನ್ ಇಂಕ್ ಬಿಟ್ಟು ಬಿಟ್ಟು ಬಂದಿರೋ ಕಡೆ ಗೆರೆ ಕೂಡ್ಕೊಳತ್ತೆ.

ಸುಮ್ನೆ_ಬಂದೆ

ಇಷ್ಟೆಲ್ಲಾ ಯಾಕೆ ಗುರು, ಎಐಗೆ ಫೋಟೋ ಕೊಟ್ರೆ 2 ನಿಮಿಷದಲ್ಲಿ ಕ್ಲೀನ್ ವೆಕ್ಟರ್ ಕೊಡತ್ತೆ

ಗೆರೆಗಾರ_ಮೈಸೂರು

@ಸುಮ್ನೆ_ಬಂದೆ ಕೊಟ್ಟು ನೋಡಿದೀನಿ, ನೋಡೋಕೆ ಬಹಳ ಚೆನ್ನಾಗಿರತ್ತೆ, ಆದ್ರೆ ಕೂತ್ಕೊಂಡು ಚುಕ್ಕಿ ಎಣಿಸ್ಬೇಕು. ನಂಗೆ ಬಂದಿದ್ರಲ್ಲಿ ಒಂದು ಕಡೆ ಎಳೆ ಚುಕ್ಕಿನ ಸುತ್ತದೇ ಪಕ್ಕದ ಎಳೆಗೆ ಅಂಟ್ಕೊಂಡಿತ್ತು. ಹೂವು ಬಳ್ಳಿ ಆದ್ರೆ ಯಾರಿಗೂ ಗೊತ್ತಾಗಲ್ಲ, ಎಳೆ ರಂಗೋಲಿಲಿ ಒಂದು ತಿರುವು ತಪ್ಪಿದ್ರೆ ಒಂದೇ ಎಳೆಯಲ್ಲಿ ಮುಗೀಬೇಕಾದ್ದು ಎರಡು ಎಳೆ ಆಗಿ ಕೂರತ್ತೆ. ಅವರತ್ತೆಗೆ ತೋರಿಸಿದ್ರೆ ಒಂದೇ ನೋಟಕ್ಕೆ ಹಿಡೀತಾರೆ.

@ಎಳೆಎಳೆ_ಹಾಸನ ಅವರೇ, ಗಂಟು ಯಾಕೆ ಬರತ್ತೆ ಅಂದ್ರೆ ಸೆಂಟರ್‌ಲೈನ್ ಪ್ರೋಗ್ರಾಂ ಕಪ್ಪು ಪಟ್ಟಿನ ಎರಡೂ ಕಡೆಯಿಂದ ಸವೆಸುತ್ತಾ ಸವೆಸುತ್ತಾ ಮಧ್ಯದ ಒಂದು ಪಿಕ್ಸೆಲ್ ಉಳಿಸತ್ತೆ. ಎರಡು ಎಳೆ ಸೇರೋ ಕಡೆ ಕಪ್ಪು ದಪ್ಪ ಇರತ್ತೆ, ಅದ್ರಲ್ಲೂ ಓರೆಯಾಗಿ ಹಾಯ್ದಿದ್ರೆ ಇನ್ನೂ ಉದ್ದ. ಅಲ್ಲಿ ಸವೆಸಿದಾಗ ನಾಲ್ಕು ದಾರಿ ಒಂದೇ ಬಿಂದುಲಿ ಸೇರಲ್ಲ, ಎರಡು ಕವಲು ಇಲ್ಲಿ ಸೇರತ್ತೆ, ಇನ್ನೆರಡು ಅಲ್ಲಿ ಸೇರತ್ತೆ, ನಡುವೆ ಒಂದು ಚೋಟುದ್ದ ಗೆರೆ. ನೀವು ನೋಡ್ತಿರೋ ಗಂಟು ಅದೇ. ಮೇಲಿಂದ ಪ್ರೋಗ್ರಾಂಗೆ ಯಾವ ಎಳೆ ಯಾವ ಕಡೆ ಮುಂದುವರೀತು ಅಂತ ಗೊತ್ತಿಲ್ಲ, ಪ್ರತಿ ಸಂಧಿಲಿ ಪಾತ್ ತುಂಡಾಗತ್ತೆ. ಅದನ್ನೆಲ್ಲ ಎಫ್2 ಹಿಡ್ಕೊಂಡು ನೋಡ್ ಎಳೆದು ಶಿಫ್ಟ್ ಜೆ ಒತ್ತಿ ಕೂಡಿಸ್ತಾ ಕೂತ್ರೆ ದೀಪಾವಳಿ ಅಲ್ಲ, ಯುಗಾದಿ ಬರತ್ತೆ. ಕಂಟ್ರೋಲ್ ಎಲ್ ಒತ್ತಿ ಸಿಂಪ್ಲಿಫೈ ಮಾಡಿ ಅಂತ ಯಾರಾದ್ರೂ ಹೇಳಬಹುದು, ಅದು ಗಂಟನ್ನೂ ಸಂಧಿನೂ ಒಟ್ಟಿಗೇ ಕರಗಿಸತ್ತೆ, ಬೇಡ.

ನನ್ನ ಮಾತು ಕೇಳಿದ್ರೆ ಇದಕ್ಕೆ ಟ್ರೇಸೇ ಮಾಡ್ಬೇಡಿ. ಎಳೆ ರಂಗೋಲಿ ಅಂದ್ರೆ ಮೊದಲೇ ಗ್ರಿಡ್ ಮೇಲೆ ಬರೆದಿರೋದು. ಕೈ ಒಂಚೂರು ಆಚೀಚೆ ಆಗಿದ್ದನ್ನ ಕಂಪ್ಯೂಟರ್ ಹತ್ರ ನಿಷ್ಠೆಯಿಂದ ಕಾಪಿ ಮಾಡಿಸಿ ಆಮೇಲೆ ಆ ಆಚೀಚೆನ ನಾವೇ ತಿದ್ದೋದು ಯಾವ ನ್ಯಾಯ? ಸ್ಕ್ಯಾನ್‌ನ ಕೆಳಗಿನ ಲೇಯರಲ್ಲಿ ಹಾಕಿ ಒಪಾಸಿಟಿ ಇಳಿಸಿ ಬೀಗ ಹಾಕಿ. ಗ್ರಿಡ್ 10 ಎಂಎಂ ಇಡಿ, ಸ್ನ್ಯಾಪ್ (ಗ್ರಿಡ್ ಬಿಂದುಗೇ ಅಂಟ್ಕೊಳೋದು) ಆನ್. ಚುಕ್ಕಿ 20 ಎಂಎಂಗೆ ಒಂದು ಬರತ್ತೆ, ಪಕ್ಕದ ಎರಡು ಚುಕ್ಕಿ ಮಧ್ಯ ಇರೋ ಗ್ರಿಡ್ ಬಿಂದುನೇ ಎಳೆ ಹಾಯೋ ಜಾಗ. ಪೆನ್ ಟೂಲ್‌ನ ಸ್ಪೈರೋ ಮೋಡ್‌ಗೆ ಹಾಕಿ ಆ ಬಿಂದುಗಳ ಮೇಲೆ ಮಾತ್ರ ಕ್ಲಿಕ್ ಮಾಡ್ತಾ ಅತ್ತೆಯವರ ಎಳೆ ಹೋದ ದಾರೀಲೇ ಹೋಗಿ, ಬಳುಕು ತಾನಾಗೇ ಬರತ್ತೆ. ತುದಿ ಚುಕ್ಕಿ ಸುತ್ತಿ ವಾಪಸ್ ಬರೋ ಕಡೆ ಹೊರಗೆ ಒಂದು ಹೆಚ್ಚು ಕ್ಲಿಕ್ ಬೇಕು. ಒಂದು ಸಂಧಿಗೆ ಒಂದು ನೋಡ್, ಬೇರೇನೂ ಇಲ್ಲ. 15 ಚುಕ್ಕಿಗೆ 14 ಅಂತರ, 280 ಎಂಎಂ, ಎರಡು ಕಡೆ ಸುತ್ತು ಸೇರಿ ನಿಮ್ಮ 300 ಸರಿಯಾಗಿ ಕೂರತ್ತೆ.

ಸಂದು ಚುಕ್ಕಿಗೆ ಚೌಕ ಗ್ರಿಡ್ ಆಗಲ್ಲ, ಆಕ್ಸೊನೊಮೆಟ್ರಿಕ್ (ಓರೆ ಗೆರೆಗಳ) ಗ್ರಿಡ್ ತಗೊಂಡು ಎರಡೂ ಕೋನ 30 ಡಿಗ್ರಿ ಇಡಿ. ಚುಕ್ಕಿ ಅಂತರ 20 ಇದ್ರೆ ಸಾಲಿನ ಅಂತರ 17.3 ಬರತ್ತೆ. ನೋಟ್‌ಬುಕ್ಕಲ್ಲಿ ರೂಲ್ ಗೆರೆ ಹಿಡಿದು ಸಾಲು ಹಾಕಿರ್ತಾರೆ, ಅದಕ್ಕೇ ಸ್ಕ್ಯಾನ್ ಮೇಲೆ ಸರಿ ಕೂರಲ್ಲ, ತಲೆ ಕೆಡಿಸ್ಕೊಬೇಡಿ, ಎಳೆ ಹೋದ ಕ್ರಮ ಮುಖ್ಯ.

(ಒಂದು ಅಡ್ಡ ಮಾತು: ತಮಿಳಿನ ಕೋಲಂನ ಸಣ್ಣ ಸಣ್ಣ ಬಿಲ್ಲೆ ಜೋಡಿಸಿದ ಹಾಗೆ ನೋಡ್ಬಹುದು ಅಂತ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ ಮತ್ತೆ ಅವರ ಜೊತೆಯವರು 1974ರಲ್ಲೇ ಕಂಪ್ಯೂಟರ್ ವ್ಯಾಕರಣದ ಲೆಕ್ಕದಲ್ಲಿ ಪೇಪರ್ ಬರೆದಿದಾರೆ. ನಮ್ಮ ಎಳೆ ರಂಗೋಲಿಗೂ ಅದೇ ಲೆಕ್ಕ ನಡೆಯತ್ತೆ.)

ಕುಡ್ಲ_ಬಣ್ಣ

ಎಲ್ಲದಕ್ಕೂ ಟ್ರೇಸ್ ಬೇಡ ಅಂದ್ರೆ ಹೇಗೆ ಮಾರಾಯ್ರೆ. ನನ್ನ ಹತ್ರ ಯಕ್ಷಗಾನದ ಮುಖವರ್ಣಿಕೆಯ ಬ್ರಷ್ ಡ್ರಾಯಿಂಗ್ ಉಂಟು, ಗೆರೆ ಒಂದು ಕಡೆ ದಪ್ಪ, ಹೋಗ್ತಾ ಹೋಗ್ತಾ ಸೂಜಿಯ ಹಾಗೆ ಸಣ್ಣ ಆಗ್ತದೆ. ಅದಕ್ಕೆ ಸೆಂಟರ್‌ಲೈನ್ ಹಾಕಿದ್ರೆ ದಪ್ಪ ಸಣ್ಣ ಎಲ್ಲ ಹೋಗಿ ತಂತಿಯ ಗೊಂಬೆ ಆಗ್ತದೆ. ಹೊಸತಾಗಿ ಪೆನ್ ಟೂಲಲ್ಲಿ ಬರೀಲಿಕ್ಕೆ ಹೋದ್ರೆ ಬರೆದವರ ಕೈಯೇ ಇರುದಿಲ್ಲ ಅದರಲ್ಲಿ.

ಗೆರೆಗಾರ_ಮೈಸೂರು

ಒಪ್ಪಿದೆ, ನಿಮ್ಮದಕ್ಕೆ ಪೋಟ್ರೇಸೇ ಸರಿ. ನಿಮ್ಮಲ್ಲಿ ಬ್ರಷ್ ಗೆರೆ ಅನ್ನೋದು ಆಕಾರ, ಎರಡೂ ಅಂಚು ಬೇಕೇ ಬೇಕು. ಸ್ಪೆಕಲ್ಸ್ ಏರಿಸಿ ಧೂಳಿನ ಚುಕ್ಕಿ ಕಳೀರಿ, ಸ್ಮೂತ್ ಕಾರ್ನರ್ಸ್ 1.0 ಇಂದ ಸ್ವಲ್ಪ ಮೇಲೆ ತಗೊಂಡು ಹೋಗಿ ಆದ್ರೆ ತುದಿವರೆಗೂ ಎಳೀಬೇಡಿ, 1.33 ದಾಟಿದ್ರೆ ಪೋಟ್ರೇಸ್ ಒಂದು ಮೂಲೆನೂ ಉಳಿಸಲ್ಲ, ಹುಬ್ಬಿನ ಚೂಪು ತುದಿಯೆಲ್ಲ ಗುಂಡಗಾಗತ್ತೆ. ಸೂಜಿ ತುದಿಗಳು ಕಟ್ ಆದ್ಮೇಲೆ ಮುರೀತವೆ ಅದು ಬೇರೆ ಕಥೆ, ಅಲ್ಲಿ ಕನಿಷ್ಠ 1 ಎಂಎಂ ಇರೋ ಹಾಗೆ ಕೈಯಲ್ಲಿ ಉಬ್ಬಿಸ್ಬೇಕು, ಇಲ್ಲಾ ಕಟ್ ಬಿಟ್ಟು ಎನ್‌ಗ್ರೇವ್ ಮಾಡಿಸಿ.

ಎಳೆಎಳೆ_ಹಾಸನ

ಸ್ಪೈರೋ ಅದ್ಭುತ! 7 ಚುಕ್ಕಿದು ಒಂದು ಬರೆದೆ, ಅತ್ತೆ ಪಕ್ಕ ಕೂತ್ಕೊಂಡು "ಇಲ್ಲಿ ಒಳಗಿಂದ ಬಾ, ಅಲ್ಲಲ್ಲ ಹಿಂದಿನ ಸಾಲಿಂದ" ಅಂತ ಹೇಳ್ತಾ ಹೋದ್ರು ನಾನು ಕ್ಲಿಕ್ ಮಾಡ್ತಾ ಹೋದೆ, ಎಳೆ ಶುರುವಾದ ಕಡೆನೇ ಬಂದು ಮುಚ್ಕೊಳ್ತು. ಈಗ ಎರಡು ಡೌಟು. ಪುಡಿ ಬೀಳ್ಬೇಕು ಅಂದ್ರೆ ಗೆರೆಗೆ ಅಗಲ ಬೇಕಲ್ವಾ, ಒಂದೇ ಗೆರೆ ಕಟ್ ಆದ್ರೆ ಪುಡಿ ಎಲ್ಲಿಂದ ಬೀಳತ್ತೆ? ಮತ್ತೆ ಚೂರುಗಳು ಕಳಚೋದಕ್ಕೆ ಏನ್ ಮಾಡೋದು? ಎಳೆ ಒಂದೇ ಅಂದ್ಮೇಲೆ ಒಳಗಿರೋದೆಲ್ಲ ದ್ವೀಪನೇ.

ಗೆರೆಗಾರ_ಮೈಸೂರು

ಹಾಂ, ನಿಮಗೆ ಕೊನೆಗೆ ಬೇಕಾಗೋದು ಎರಡು ಅಂಚಿನ ಗೆರೆನೇ, ಆದ್ರೆ ಬಾಲ್‌ಪೆನ್ನಿನ ಅಂಚಲ್ಲ, ನೀವು ಹೇಳಿದ ಅಗಲದ ಅಂಚು. ಈಗ ಬರೆದ ಎಳೆಗೆ ಸ್ಟ್ರೋಕ್ 3 ಎಂಎಂ ಕೊಡಿ, ಜಾಯಿನ್ ರೌಂಡ್, ಒಂದು ಕಾಪಿ ಪಕ್ಕಕ್ಕೆ ಎತ್ತಿಟ್ಟು ಪಾತ್ ಮೆನುಲಿ ಸ್ಟ್ರೋಕ್ ಟು ಪಾತ್ ಮಾಡಿ ಯೂನಿಯನ್ ಕೊಡಿ. 2 ಎಂಎಂಗಿಂತ ಕಮ್ಮಿ ಮಾಡ್ಬೇಡಿ, ರಂಗೋಲಿ ಪುಡಿ ಸಿಕ್ಕಾಕೊಳತ್ತೆ.

ದ್ವೀಪಕ್ಕೆ ಸೇತುವೆ ಬೇಕು. ಡ್ಯಾಶ್ ತರ ತುಂಡು ತುಂಡು ಮಾಡೋಕೆ ಕನ್ವರ್ಟ್ ಟು ಡ್ಯಾಶಸ್ ಅಂತ ಎಕ್ಸ್‌ಟೆನ್ಷನ್ ಇದೆ, ಆದ್ರೆ ಡ್ಯಾಶ್ ಎಲ್ಲಿ ಬೀಳತ್ತೆ ಅಂತ ಹಿಡಿತ ಇಲ್ಲ, ಒಂದು ಕಡೆ ಸಂಧಿ ಮೇಲೆ ಬೀಳತ್ತೆ ಇನ್ನೊಂದು ಕಡೆ ಬಳುಕಿನ ಮೇಲೆ, ಸಿಮೆಟ್ರಿ ಕೆಡತ್ತೆ. ಇದಕ್ಕಿಂತ ಸಂಧಿಗಳನ್ನೇ ಸೇತುವೆ ಮಾಡಿ. ಎಳೆ ಹಾಯೋ ಪ್ರತಿ ಬಿಂದು ಮೇಲೆ 8 ಎಂಎಂ ವೃತ್ತ ಇಡಿ (ಗ್ರಿಡ್ ಇರೋದ್ರಿಂದ ಕೂರಿಸೋದು ಸುಲಭ), ವೃತ್ತಗಳನ್ನೆಲ್ಲ ಕಂಬೈನ್ ಮಾಡಿ ಎಳೆಯಿಂದ ಡಿಫರೆನ್ಸ್ ತೆಗೀರಿ. ಒಂದು ಸಂಧಿ ಸುತ್ತ ನಾಲ್ಕು ದ್ವೀಪ ಇರತ್ತೆ, ನಾಲ್ಕೂ ಆ ಒಂದೇ ಬಿಲ್ಲೆಗೆ ಹಿಡ್ಕೊಳತ್ತೆ, 3 ಎಂಎಂ ಎಳೆಗೆ 8 ಎಂಎಂ ವೃತ್ತ ಇಟ್ರೆ ಒಂದೊಂದರ ಕತ್ತು ಸುಮಾರು 3 ಎಂಎಂ ಉಳಿಯತ್ತೆ. ನೇರ ಚುಕ್ಕಿ 20 ಎಂಎಂ ಅಂತರದಲ್ಲಿ ಸಂಧಿಯಿಂದ ಸಂಧಿಗೆ 14 ಎಂಎಂ, ವೃತ್ತ ಕಳೆದು ಪುಡಿ ಬೀಳೋಕೆ 6 ಎಂಎಂ ಸೀಳು ಸಿಗತ್ತೆ. ಸಂದು ಚುಕ್ಕಿಲಿ ಸಂಧಿಗಳು ಹತ್ರ ಹತ್ರ ಬರ್ತವೆ, ಅದಕ್ಕೆ ಚುಕ್ಕಿ ಅಂತರನೇ ಹೆಚ್ಚಿಸಿ.

ಅಂಚಿನ ತುದಿ ಚುಕ್ಕಿಗಳನ್ನ ಮರೀಬೇಡಿ. ಅವುಗಳ ಸುತ್ತಿಗೆ ಸಂಧಿ ಒಂದೇ ಇರತ್ತೆ, ಒಂದೇ ಕತ್ತಲ್ಲಿ ನೇತಾಡತ್ತೆ, ಪುಡಿ ಸವರುವಾಗ ಮುರಿಯೋದೇ ಅದು. ಹೊರಗಡೆ ಇನ್ನೊಂದು ಸೇತುವೆ ಕೈಯಲ್ಲಿ ಹಾಕಿ.

ಲೇಸರ್_ಹುಬ್ಬಳ್ಳಿ

ಇದು ಭಾರಿ ಆತ್ ನೋಡ್ರಿ, ನಮ್ಮ ಕಡೆ ಗಿರಾಕಿಗೋಳಿಗೂ ಇದನ್ನ ಹೇಳ್ತೇನಿ.

ಆದ್ರ ಎಂಡಿಎಫ್ ಯಾಕ್ ಅಕ್ಕಾರ? ನೀರ ಹೊಡದ ಅಂಗಳದಾಗ ಇಟ್ರ ಉಬ್ಬಿ ಹಪ್ಪಳ ಆಗತೈತಿ. 2 ಎಂಎಂ ಅಕ್ರಿಲಿಕ್ ಮಾಡಿಸ್ರಿ, ತೊಳ್ಯಾಕೂ ಚಲೋ. ಅಗ್ಗ ಸಿಗತೈತಿ ಅಂತ ಯಾರರ ಸನ್‌ಬೋರ್ಡ್ ಹಾಕೂಣು ಅಂದ್ರ ಕೈ ಮುಗದು ಬ್ಯಾಡ ಅನ್ರಿ, ಅದು ಪಿವಿಸಿ, ಲೇಸರ್ ಬಿದ್ರ ಕ್ಲೋರಿನ್ ಇರೋ ಹೊಗಿ ಬರತೈತಿ, ಆಸಿಡ್ ಆಗಿ ಮಷೀನ್ ರೈಲು ಲೆನ್ಸು ತಿಂದ್ ಹಾಕತೈತಿ, ನಡಸೋರ ಪುಪ್ಪುಸಾನೂ ಹಾಳ. ಫೋಮ್ ಶೀಟ್, ಡಬ್ಲ್ಯುಪಿಸಿ ಅಂತ ಬ್ಯಾರೆ ಬ್ಯಾರೆ ಹೆಸರಿಲೆ ಬರ್ತಾವ, ಪಿವಿಸಿ ಅಲ್ಲ ಅಂತ ಖಾತ್ರಿ ಆಗೂತನಕ ನಾ ಮಷೀನಿಗೆ ಹಚ್ಚಂಗಿಲ್ಲ.

ಬೀಟೆಮರ

ನಡುವೆ ಬಾಯಿ ಹಾಕ್ತೀನಿ, ನಾನು ಇನ್‌ಲೇ ಕೆಲಸದೋನು. ಈ ಮೆಥಡಲ್ಲಿ ಬರೆದ ಎಳೆನ ಬೀಟೆ ಹಲಗೆ ಒಳಗೆ ಬೇರೆ ಮರ ಕೂರಿಸೋಕೆ ಕಟ್ ಮಾಡಿಸಿದ್ರೆ ಕೂರತ್ತಾ? ಲೇಸರಲ್ಲಿ ತುಂಡು ಲೂಸ್ ಬರತ್ತೆ ಅಂತಾರೆ.

ಡಿಟಿಪಿ_ದಾವಣಗೆರೆ

ಲೂಸ್ ಬರೋದು ಕರ್ಫ್‌ನಿಂದ (ಕಿರಣ ಸುಟ್ಟು ತೆಗೆಯೋ ಅಗಲ) ಸರ್. ಕಿರಣ 0.15 ಎಂಎಂ ಸುಟ್ಟು ತೆಗೆಯುತ್ತೆ ಅಂತ ಇಟ್ಕೊಳಿ, ಅರ್ಧ ತುಂಡಿಂದ ಹೋಗತ್ತೆ ಅರ್ಧ ಗುಳಿ ಕಡೆಯಿಂದ ಹೋಗತ್ತೆ, ಒಂದೇ ಗೆರೆ ಎರಡಕ್ಕೂ ಬಳಸಿದ್ರೆ ಪ್ರತಿ ಬದಿಗೂ 0.15 ಸಡಿಲ. ತುಂಡನ್ನ ಅರ್ಧ ಕರ್ಫ್ ಹೊರಗೆ, ಗುಳಿನ ಅರ್ಧ ಕರ್ಫ್ ಒಳಗೆ ಆಫ್‌ಸೆಟ್ ಮಾಡ್ಬೇಕು. ಲೈಟ್‌ಬರ್ನ್‌ನಲ್ಲಿ ಕರ್ಫ್ ಆಫ್‌ಸೆಟ್ ಇದೆ ಆದ್ರೆ ಮುಚ್ಚಿದ ಪಾತ್‌ಗೆ ಮಾತ್ರ ನಡೆಯೋದು. ಹುಬ್ಬಳ್ಳಿಯವರು ಮೇಲೆ ಹೇಳಿದ ಗ್ಯಾಪ್ ಎಲ್ಲಾದ್ರೂ ಉಳಿದಿದ್ರೆ ಆಫ್‌ಸೆಟ್ಟೇ ಆಗಲ್ಲ. ಮತ್ತೆ 0.15 ಅನ್ನೋದು ಪ್ರತಿ ಮಷೀನಿಗೂ ಪ್ರತಿ ಮರಕ್ಕೂ ಬದಲಾಗತ್ತೆ, ಅದೇ ಹಲಗೆ ಚೂರಲ್ಲಿ 20 ಎಂಎಂ ಚೌಕ ಕಟ್ ಮಾಡಿಸಿ ವರ್ನಿಯರ್‌ನಲ್ಲಿ ಅಳೆದು ಲೆಕ್ಕ ಹಾಕಿ. ರಂಗೋಲಿ ಪ್ಲೇಟ್‌ಗೆ ಈ ತಾಪತ್ರಯ ಏನೂ ಬೇಡ ಮೇಡಂ.

ಎಳೆಎಳೆ_ಹಾಸನ

ಅಕ್ರಿಲಿಕ್‌ನಲ್ಲೇ 7 ಚುಕ್ಕಿದು ಸ್ಯಾಂಪಲ್ ಬಂತು, ಸೈಜ್ ಸರಿ ಇದೆ, ಒಂದು ಚೂರೂ ಕಳಚಿಲ್ಲ! ಪುಡಿ ಹಾಕಿ ನೋಡಿದ್ವಿ, ಸಂಧಿಗಳಲ್ಲಿ ಖಾಲಿ ಬಿಡತ್ತೆ, ಅತ್ತೆ ಅಂತೂ ಅದನ್ನ ಬೆರಳಲ್ಲಿ ಮುಚ್ಚಿಬಿಟ್ರು, ಗಿರಾಕಿಗಳಿಗೂ ಅದನ್ನೇ ತೋರಿಸ್ತೀವಿ. ಚುಕ್ಕಿಗೂ ತೂತು ಮಾಡಿಸ್ಬೇಕು ಅಂತಾರೆ, ಚುಕ್ಕಿ ಇಲ್ದೇ ಎಳೆ ರಂಗೋಲಿ ಅನ್ಸಲ್ವಂತೆ. 4 ಎಂಎಂ ಸಾಕಾ? ಮತ್ತೆ ಫೈಲ್ ಎಸ್‌ವಿಜಿನೇ ಕೊಡ್ಲಾ ಡಿಎಕ್ಸ್‌ಎಫ್ ಕೊಡ್ಲಾ, ಇನ್ನೊಂದು ಅಂಗಡೀಲಿ ಡಿಎಕ್ಸ್‌ಎಫ್ಫೇ ಬೇಕು ಅಂದ್ರು.

ಲೇಸರ್_ಹುಬ್ಬಳ್ಳಿ

4 ಎಂಎಂ ಬೇಷ್ ಆತ್ರಿ. ತೂತು ಬರಿಯೂ ಮುಂದ ಸರ್ಕಲ್ ಟೂಲ್‌ಲೆ ಬರೀರಿ, ಟ್ರೇಸ್ ಮಾಡಿದ ಚುಕ್ಕಿ ಹಾಕಬ್ಯಾಡ್ರಿ, ಅದು ಗುಂಡಗ ಇರಂಗಿಲ್ಲ. ಲೈಟ್‌ಬರ್ನ್ ಇದ್ದ ಅಂಗಡಿಗಿ ಎಸ್‌ವಿಜಿ ನಡೀತೈತಿ. ಆರ್‌ಡಿವರ್ಕ್ಸ್ ಇದ್ದಲ್ಲಿ ಡಿಎಕ್ಸ್‌ಎಫ್ ಕೊಡ್ರಿ, ಇಂಕ್‌ಸ್ಕೇಪ್‌ದಾಗ ಸೇವ್ ಮಾಡೂ ಮುಂದ ಡೆಸ್ಕ್‌ಟಾಪ್ ಕಟಿಂಗ್ ಪ್ಲಾಟರ್ ಆರ್14 ಆರಿಸಿ ಯೂನಿಟ್ ಎಂಎಂ ಇಡ್ರಿ, ಇಲ್ಲಂದ್ರ ಅವ್ರ ಕಡೆ ಸೈಜ್ ತಪ್ಪಿ ಬರತೈತಿ. 100 ಎಂಎಂ ಚೌಕಾನೂ ಇರ್ಲಿ. ಮತ್ತ ಒಳಗಿಂದ ಹೊರಗ ಕಟ್ ಮಾಡ್ರಿ ಅಂತ ಅವರಿಗೆ ಹೇಳ್ರಿ, ಮೊದ್ಲ ಚುಕ್ಕಿ, ಆಮ್ಯಾಲೆ ಎಳಿ, ಹೊರಗಿನ ಅಂಚು ಕಡೀಗೆ. ಅಂಚು ಮೊದ್ಲ ಕೊಯ್ದ್ರ ಪ್ಲೇಟು ಕೆಳಗ ಜಗ್ಗಿ ಅಲುಗಾಡತೈತಿ, ಒಳಗಿನ್ವು ಎಲ್ಲಾ ಒಂದ ಕಡೆ ಸರದು ಬೀಳ್ತಾವ.